ಹಿಟ್ಟಿನ ಡಬ್ಬಿಯ ಹಿಂದಿನ ರಬ್ಬರ್

ಅಕ್ಷತಾ, ಶಿವು... ಮೊನ್ನೆ ರವಿವಾರ ಅಡಿಗೆಮನೆಯ ಗೋಡೆಯೊಳಗಿನ ಮಾಡ ಒರೆಸುವಾಗ ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ನಿಮಗೊಂದು ಬಟ್ಟೆಯ ಗಂಟು ಸಿಕ್ಕಿತಲ್ಲ, ಅದರ ಬಗ್ಗೆ ಬರೆಯುತ್ತಿದ್ದೇನೆ. ಬಿಚ್ಚಿದರೆ ಒಳಗೆ ಒಂದು ಕರಿ ರಬ್ಬರಿನ ತುಂಡು. "ಆಯಿ, ಇಲಿ ಕಡದ ಚಪ್ಪಲಿ ಯಾಕ ಇಟ್ಟೀ?" ಎಂದು ನಗುತ್ತ ಶಿವು ಅದನ್ನು ಕಸದ ಬುಟ್ಟಿಗೆ ಹಾಕಲು ಕೈ ಎತ್ತಿದ. ನಾನು ಕೂಗಿಬಿಟ್ಟೆ. ನಾನು ಕೂಗಿದ್ದನ್ನು ನೀವು ಹುಟ್ಟಿದಾಗಿನಿಂದ ಕೇಳಿರಲಿಕ್ಕಿಲ್ಲ. ಇಬ್ಬರೂ ಗಾಬರಿಯಾಗಿ ನೋಡಿದಿರಿ. "ಏನಿಲ್ಲ ಬಿಡ್ರಿ" ಎಂದು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದೆ.

ಒಳಗೆ ಹೋಗಿ ಮೂಸಿ ನೋಡಿದೆ. ಹಳೆ ರಬ್ಬರು, ಸ್ವಲ್ಪ ಗ್ರೀಸು... ಅಷ್ಟು ಸಾಕಾಯಿತು. ನಮ್ಮ ಧಾರವಾಡದ ಸಪ್ತಾಪುರದ ಆ ಬೇವಿನ ಮರ, ಅದರ ಕೆಳಗಿನ ತಗಡಿನ ಗ್ಯಾರೇಜು, ಒಬ್ಬ ಮನುಷ್ಯ ಎಲ್ಲ ಕಣ್ಣ ಮುಂದೆ ಬಂದವು. ಎದುರಿಗೆ ಕುಳಿತು ಹೇಳುವುದು ನನ್ನಿಂದ ಆಗದು. ಗರಗದ ಸಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಕಲಿತ ಅಕ್ಷರಗಳಿವೆ. ಅವುಗಳಿಂದಲೇ ಹೇಳುತ್ತೇನೆ.

ನಿಮ್ಮ ಅಜ್ಜ ತೀರಿಕೊಂಡು ಒಂದು ವರ್ಷ ಆಗಿತ್ತು. ನಿಮ್ಮವ್ವ ಆಗ ಇನ್ನೂ ಕಾಲೇಜಿಗೆ ಹೋಗುತ್ತಿದ್ದಳು. ನಾನು ಮನೆಯಲ್ಲಿ ಕಡಕ್ ರೊಟ್ಟಿ ಮಾಡಿ ಹುಬ್ಬಳ್ಳಿಯ ಒಂದು ಖಾನಾವಳಿಗೆ ಕಳಿಸುತ್ತಿದ್ದೆ. ಮನೆ ನಡೆಯುತ್ತಿದ್ದದ್ದು, ನಿಮ್ಮವ್ವನ ಓದು ನಡೆಯುತ್ತಿದ್ದದ್ದು ಅದರ ಮೇಲೆಯೇ. ಅಜ್ಜ ಇದ್ದಾಗ ತಮ್ಮ ಮೋಟರ್ ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಅವರೇ ಮುಟ್ಟಿಸುತ್ತಿದ್ದರು. ಅವರು ಹೋದ ಮೇಲೆ ಅದೇ ಗಾಡಿಯನ್ನು ನಿಮ್ಮವ್ವ ಹೊರಗೆ ತೆಗೆದಳು. ಅಪ್ಪನಿಂದಲೇ ಕಲಿತಿದ್ದಳು. ಓಣಿಯ ಹೆಂಗಸರು "ಹುಡುಗಿ ಮೋಟರ್ ಸೈಕಲ್ ಹೊಡ್ಯಾಕತ್ತಾಳ, ನಾಳೆ ಮೀಸೀನೂ ಬಿಡ್ತಾಳ ತಗೋ" ಎಂದರು. ಅವಳು ಗಾಡಿ ನಿಲ್ಲಿಸಿ, "ಬಿಟ್ಟ ದಿನಾ ನಿಮಗ ತೋರಸಾಕ ಬರ್ತೇನ್ರಿ ಕಾಕೂ" ಎಂದು ಹೋದಳು. ಅವಳು ನನ್ನಂತಲ್ಲ.

ಆದರೆ ಅವಳ ಕೈಗೆ ಗಾಡಿ ಬಂದ ಕೆಲವು ತಿಂಗಳಲ್ಲೇ ರೊಟ್ಟಿ ಮುರಿಯತೊಡಗಿದವು. ಮನೆಯಿಂದ ಹೋಗುವಾಗ ಎಲ್ಲ ಇಡಿ ರೊಟ್ಟಿ. ನವಲೂರು ದಾಟಿ ಹುಬ್ಬಳ್ಳಿ ಮುಟ್ಟಿ ಬಟ್ಟೆ ಬಿಚ್ಚಿದರೆ ಅರ್ಧಕ್ಕರ್ಧ ಚೂರು. ಮೊದಲು ಒಂದೆರಡು, ಆಮೇಲೆ ಹತ್ತು, ಆಮೇಲೆ ಲೆಕ್ಕವೇ ಇಲ್ಲ. ನಾನು ಜೋಳ ಬದಲಿಸಿದೆ. ಗಿರಣಿ ಬದಲಿಸಿದೆ. ಎಸರು ಇನ್ನೂ ಸುಡುಸುಡು ಹಾಕಿ ನಾದಿದೆ. ಎಳ್ಳು ಹಚ್ಚುವುದನ್ನು ಬಿಟ್ಟೆ. ದಪ್ಪಗೆ ಬಡಿದು ನೋಡಿದೆ. ಖಾನಾವಳಿಯವರು ಇವು ರೊಟ್ಟಿಯೋ ಹಂಚೋ ಎಂದರು. ಮತ್ತೆ ತೆಳ್ಳಗೆ ಬಡಿದೆ, ಮತ್ತೆ ಮುರಿದವು.

ಒಂದು ದಿನ ನಿಮ್ಮವ್ವ ಮುಖ ಸಣ್ಣ ಮಾಡಿಕೊಂಡು ಬಂದಳು. ಖಾನಾವಳಿಯ ಮಾಲಕರು, "ತಂಗಿ, ನಿಮ್ಮವ್ವಗ ರೊಟ್ಟಿ ಕಳಸ್ರಿ ಅಂದ್ರ ಚೂಡಾ ಕಳಸಾಕತ್ತಾರಲ್ಲ! ಈ ವಾರ ನೋಡ್ತೇನಿ. ಇಲ್ಲಾಂದ್ರ ಸೋಮವಾರದಿಂದ ಬ್ಯಾರೆ ಕಡೆ ಹೇಳ್ತೇನಿ" ಅಂದಿದ್ದರಂತೆ.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ನನ್ನ ಅವ್ವ ಕಲಿಸಿದ ಕೈ ಇದು. ಹನ್ನೆರಡು ವರ್ಷದವಳಿದ್ದಾಗಿನಿಂದ ರೊಟ್ಟಿ ಬಡಿದ ಕೈ. ನಿಮ್ಮ ಅಜ್ಜ ಹೋದರು, ಅವರ ಬೆನ್ನಿಗೆ ನನ್ನ ಕೈಯ ಹದವೂ ಹೋಯಿತು ಅಂದುಕೊಂಡೆ. ಯಾರಿಗೂ ಹೇಳಲಿಲ್ಲ...

ಮರುದಿನ ಮುಂಜಾನೆ ಗಾಡಿಯ ಚೈನು ಸಡಿಲಾಗಿದೆ ಎಂದು ನಿಮ್ಮವ್ವ ಗ್ಯಾರೇಜಿಗೆ ಹೊರಟಳು. ಬುಟ್ಟಿ ಹಿಡಿದುಕೊಳ್ಳಲು ನಾನೂ ಹೋದೆ. ಗ್ಯಾರೇಜಿನವರು ವಯಸ್ಸಾದವರು, ಬಿಳಿಗೂದಲು, ಮೊಣಕೈ ತನಕ ಎಣ್ಣೆ. ರವಿವಾರ ಚರ್ಚಿಗೆ ಹೋಗುತ್ತಿದ್ದರು, ಅವತ್ತೊಂದು ದಿನ ಬಾಗಿಲು ಹಾಕುತ್ತಿದ್ದರು. ಎಲ್ಲರೂ ಕಾಕಾ ಎನ್ನುತ್ತಿದ್ದರು. ಹೆಸರು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿತ್ತು. ನನಗೆ ಓದಲು ಬರುತ್ತಿರಲಿಲ್ಲ, ಕೇಳಲು ನಾಚಿಕೆ. ನಾನು ಬೇವಿನ ಮರದ ಮರೆಗೆ ಬುಟ್ಟಿ ಇಟ್ಟುಕೊಂಡು ನಿಂತೆ.

ಕಾಕಾ ಗಾಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತವರು ಒಮ್ಮೆಲೇ ನಕ್ಕರು. "ತಂಗಿ, ಗಾಡಿಗೆ ಇರವಿ ಹತ್ತ್ಯಾವಲ್ಲ! ಪೆಟ್ರೋಲ್ ಹಾಕಸ್ತೀಯೋ, ಬೆಲ್ಲದ ಪಾನಕ ಹಾಕಸ್ತೀಯೋ?"

ಹಿಂದಿನ ಕ್ಯಾರಿಯರಿನ ಸಂದಿಯಲ್ಲೆಲ್ಲ ರೊಟ್ಟಿಯ ಪುಡಿ, ಅದಕ್ಕೆ ಇರುವೆಯ ಸಾಲು. ನಿಮ್ಮವ್ವ ರೊಟ್ಟಿಯ ಕಥೆ ಹೇಳಿದಳು. ಕಾಕಾ ನಗು ನಿಲ್ಲಿಸಿದರು. ಚೈನು ಮುಟ್ಟಲೇ ಇಲ್ಲ. ಗಾಡಿ ಹತ್ತಿ ಓಣಿಯ ತುದಿಯ ತನಕ ಹೋಗಿ, ಬೇಕೆಂದೇ ಒಮ್ಮೆ ಜೋರು ಒಮ್ಮೆ ಸಾವಕಾಶ ಮಾಡುತ್ತ ಬಂದರು. ಗಾಡಿ ಪ್ರತಿ ಸಲ ಹಿಂದಿನಿಂದ ಯಾರೋ ದಬ್ಬಿದಂತೆ ಜಗ್ಗುತ್ತಿತ್ತು. ನಿಮ್ಮವ್ವ ಅದನ್ನೇ ಗಾಡಿಯ ಗುಣ ಅಂದುಕೊಂಡಿದ್ದಳು.

ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಒಂದು ಕೈಯಿಂದ ಚೈನಿನ ಹಲ್ಲಿನ ಚಕ್ರ ಹಿಡಿದು, ಇನ್ನೊಂದರಿಂದ ಗಾಲಿ ಅಲುಗಿಸಿದರು. ಟಕ್, ಟಕ್ ಎಂದಿತು. ಆಮೇಲೆ ಮರದ ಕಡೆ ತಿರುಗಿ, "ಅಕ್ಕಾರ, ಮರಾ ಬೀಳೂದಿಲ್ರಿ, ಅದನ್ನ ಬಿಟ್ಟು ಇತ್ತ ಬರ್ರಿ. ಇದನ್ನ ನೀವು ಹಿಡದ ನೋಡ್ರಿ" ಎಂದರು.

ಪಕ್ಕದ ಚಹಾದಂಗಡಿಯ ಮುಂದಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಆದರೂ ಹೋಗಿ ಹಿಡಿದೆ. ನನ್ನ ಅಂಗೈಯಲ್ಲಿ ಆ ಟಕ್ ಟಕ್ ಬಡಿಯಿತು.

"ಇಲ್ಲಿ ಒಳಗ ನಾಲ್ಕ ರಬ್ಬರ್ ಇರ್ತಾವ್ರಿ. ಚೈನು ಜಗ್ಗಿದ ಜಗ್ಗಾಟ ಅವು ನುಂಗತಾವ. ಅವು ಸವದಾವ. ಈಗ ಆ ಜಗ್ಗಾಟೆಲ್ಲ ನಿಮ್ಮ ಬುಟ್ಟೀಗೆ ಹೊಂಟೈತಿ. ನಿಮ್ಮ ಕೈಯಾಗ ಏನೂ ದೋಷ ಇಲ್ರಿ ಅಕ್ಕಾರ."

ನಾನು ಕೈಯ ಮಾತೇ ಎತ್ತಿರಲಿಲ್ಲ. ಅವರಿಗೆ ಹೇಗೆ ತಿಳಿಯಿತೋ... ಸೆರಗಿನಿಂದ ಮುಖ ಒರೆಸಿಕೊಂಡೆ. ಅವರು ನೋಡದವರಂತೆ ನಟ್ಟು ಬಿಚ್ಚುವ ಪಾನಾ ಹುಡುಕತೊಡಗಿದರು.

ಗಾಲಿ ಬಿಚ್ಚಿದರು. ನಡುವಿನ ಗುಂಡಿಯಲ್ಲಿ ರಬ್ಬರುಗಳು ಕಂಡವು, ಅಂಚು ತಿಂದುಹೋಗಿದ್ದವು. ಪ್ರತಿಯೊಂದರ ಪಕ್ಕಕ್ಕೂ ಸೈಕಲ್ ಟ್ಯೂಬಿನ ಪಟ್ಟಿ ಮಡಚಿ ತುರುಕಿತ್ತು, ಅವೂ ಸವೆದು ತೆಳ್ಳಗಾಗಿದ್ದವು. ಕಾಕಾ ಒಂದನ್ನು ಎತ್ತಿ ಹಿಡಿದು, "ಇದು ನಿಮ್ಮ ಯಜಮಾನರ ಕೆಲಸ ಏನ್ರಿ? ಸಂದಿ ತುಂಬಸ್ಯಾರ. ಸದ್ಯದ ಮಟ್ಟಿಗೆ ಛಲೋ ಮಾಡ್ಯಾರ" ಎಂದರು.

ನನಗೆ ಆ ದಿನ ನೆನಪಾಯಿತು. ಅಜ್ಜ ಒಮ್ಮೆ ನನ್ನ ಹೊಲಿಗೆಯ ಕತ್ತರಿ ಒಯ್ದು ಹಳೆ ಟ್ಯೂಬು ಕತ್ತರಿಸಿದ್ದರು. ಕತ್ತರಿ ಮೊಂಡಾಯಿತೆಂದು ನಾನು ಎರಡು ದಿನ ಮಾತು ಬಿಟ್ಟಿದ್ದೆ. ಯಾತಕ್ಕೆ ಕತ್ತರಿಸಿದರೆಂದು ಕೇಳಲೇ ಇಲ್ಲ, ಅವರೂ ಹೇಳಲಿಲ್ಲ. ಅವರಿಗೆ ಗಾಡಿಯ ಜಗ್ಗಾಟ ಗೊತ್ತಿತ್ತು. ನನ್ನ ರೊಟ್ಟಿ ಮುರಿಯಬಾರದೆಂದು ಟ್ಯೂಬು ತುರುಕಿ, ಅದು ಸವೆದ ಹಾಗೆ ಮತ್ತೆ ತುರುಕಿ ನಡೆಸಿದ್ದರು. ಅವರು ಹೋದ ಮೇಲೆ ಹೊಸ ಪಟ್ಟಿ ಹಾಕುವವರು ಇರಲಿಲ್ಲ... ಅಷ್ಟೇ ಆಗಿದ್ದದ್ದು.

ಆ ಹಳೆ ಮಾಡೆಲ್ಲಿನ ರಬ್ಬರು ಧಾರವಾಡದಲ್ಲಿ ಸಿಗಲಿಲ್ಲ. ಕಾಕಾ ತಾವೇ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ, ಹಳೆಯದೊಂದನ್ನು ಅಂಗಡಿ ಅಂಗಡಿಗೆ ತೋರಿಸಿ, ಶನಿವಾರ ಮುಂಜಾನೆ ಹೊಸವು ತಂದರು. ನಡುವಿನ ದಿನಗಳಲ್ಲಿ ನಿಮ್ಮವ್ವ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದಳು. ಗದ್ದಲದಲ್ಲಿ ಆಗಲೂ ಮುರಿದವು. ಉಳಿದದ್ದು ಶನಿವಾರ ಒಂದೇ.

ಹೊಸ ರಬ್ಬರು ಬಾಳ ಬಿಗಿ. ಕಾಕಾ ಸಾಬೂನಿನ ನೀರು ಹಚ್ಚಿ ಮೂರನ್ನು ಕೂರಿಸಿದರು. ನಾಲ್ಕನೆಯದು ಜಪ್ಪಯ್ಯ ಅನ್ನಲಿಲ್ಲ. ಅವರ ಹೆಬ್ಬೆರಳ ಸಂದು ಬಾತಿತ್ತು. ಬಡಿಗೆಯಿಂದ ಹೊಡೆದರೆ ಅಂಚು ಹರಿದೀತೆಂದು ಹೊಡೆಯಲಿಲ್ಲ. ಚಹಾದಂಗಡಿಯವರು ಒತ್ತಲು ತಾವು ಬರಲೇ ಎಂದರು. "ನೀ ಸುಮ್ಮನ ಕುಂದರೋ ಮಾರಾಯ, ಚಹಾದ ಕಪ್ ಹಿಡ್ಯಾಕ ನಿನ್ನ ಕೈ ನಡಗತೈತಿ. ಅಕ್ಕಾರ, ದಿನಾ ರೊಟ್ಟಿ ಬಡದ ಕೈ ನಿಮ್ಮದು. ನೀವು ಒತ್ರಿ" ಎಂದರು ಕಾಕಾ.

ಸೆರಗು ಸಿಗಿಸಿ ನೆಲಕ್ಕೆ ಕೂತೆ. ಅಂಗೈಯ ಬುಡ ಇಟ್ಟು, ಹಿಟ್ಟು ನಾದುವಾಗ ಹೇಗೆ ಮೈಭಾರ ಬಿಡುತ್ತೇವೋ ಹಾಗೆ ಬಿಟ್ಟೆ. ಎರಡು ಸಲ ಜಾರಿತು. ಮೂರನೆಯ ಸಲ ಪಚಕ್ಕನೆ ಒಳಗೆ ಹೋಗಿ ಕೂತಿತು. ಯಾರೋ ಚಪ್ಪಾಳೆ ಹೊಡೆದರು. ನಾನು ತಲೆ ಎತ್ತಲಿಲ್ಲ, ಆದರೆ ನಗು ಬಂದಿತ್ತು.

ಅವತ್ತು ನಾನೇ ಬುಟ್ಟಿ ಹಿಡಿದು ನಿಮ್ಮವ್ವನ ಹಿಂದೆ ಕೂತು ಹುಬ್ಬಳ್ಳಿಗೆ ಹೋದೆ. ಅಜ್ಜ ಹೋದ ಮೇಲೆ ಆ ಸೀಟಿನ ಮೇಲೆ ಕೂತದ್ದು ಅದೇ ಮೊದಲು. ಗಾಡಿ ಎಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಖಾನಾವಳಿಯ ಮಾಲಕರು ಬಟ್ಟೆ ಬಿಚ್ಚಿದರು, ಕೆಳಗಿನ ತನಕ ಒಂದೊಂದೇ ಎತ್ತಿ ನೋಡಿದರು. ಆಮೇಲೆ ಒಂದನ್ನು ಮುರಿದು ಶೇಂಗಾ ಚಟ್ನಿ ಹಚ್ಚಿ ಬಾಯಿಗೆ ಹಾಕಿಕೊಂಡು, "ಸೋಮವಾರ ಇನ್ನೂ ಹತ್ತ ಹೆಚ್ಚಿಗೆ ತರ್ರಿ" ಎಂದರು.

ಬರುವಾಗ ಗ್ಯಾರೇಜಿನ ಮುಂದೆ ನಿಂತೆವು. ಕಾಕಾ ಎದ್ದು ಬಂದರು. "ಎಷ್ಟು ಮುರದ್ವು?"

ನಾನು ಹಿಂದಿನ ಸೀಟಿನಿಂದ ಹೇಳಿದೆ, "ಒಂದ್ ರೀ."

ಅವರ ಮುಖ ಬಾಡಿತು. ಪಾನಾ ತೆಗೆದುಕೊಳ್ಳಲು ಬಾಗಿದರು. ಆಗ ಹೇಳಿದೆ, "ಅದನ್ನ ಮಾಲಕರೇ ಮುರದಾರ್ರಿ ಕಾಕಾರ, ತಿನ್ನಾಕ."

ಅವರು ನಕ್ಕ ನಗುವಿಗೆ ಬೇವಿನ ಮರದ ಕಾಗೆಗಳು ಎದ್ದುಹೋದವು. ನಾನು ಅವರ ಜೊತೆ ಆಡಿದ ಮಾತು ಇವು ಎರಡೇ. ಹಳೆಯ ನಾಲ್ಕನ್ನೂ ಕಾಗದದಲ್ಲಿ ಸುತ್ತಿ ಕೊಟ್ಟರು. ಬಿಚ್ಚಿದ ಸಾಮಾನನ್ನು ಗಾಡಿಯವರಿಗೇ ಕೊಡುವುದು ಅವರ ಪದ್ಧತಿ. ಟ್ಯೂಬಿನ ಪಟ್ಟಿ ಇನ್ನೂ ಅಂಟಿಕೊಂಡಿದ್ದ ಒಂದನ್ನು ನಾನು ಇಟ್ಟುಕೊಂಡೆ. ನೀವು ಕಂಡದ್ದು ಅದೇ.

ಆಮೇಲೆ ಪ್ರತಿ ಡಿಸೆಂಬರಿಗೆ ನಾನು ಅವರಿಗೆ ಎಳ್ಳು ಹಚ್ಚಿದ ರೊಟ್ಟಿ ಕಳಿಸುತ್ತಿದ್ದೆ, ಅವರ ಮನೆಯಿಂದ ಕ್ರಿಸ್ಮಸ್ಸಿನ ಕರಚಿಕಾಯಿ ಬರುತ್ತಿದ್ದವು. ಒಂದು ವರ್ಷ ಬರಲಿಲ್ಲ... ನಿಮ್ಮವ್ವ ವಿಚಾರಿಸಿಕೊಂಡು ಬಂದಳು. ದಸರೆಯ ಮುಂಚೆಯೇ ತೀರಿಕೊಂಡಿದ್ದರಂತೆ. ಅವರ ಹೆಸರು ಕೇಳಿಕೊಂಡು ಬಾ ಎಂದು ಅವಳಿಗೆ ಹೇಳಬೇಕೆಂದಿದ್ದೆ, ಆಗಲೂ ಬಾಯಿ ಬರಲಿಲ್ಲ. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಬೇವಿನ ಬುಡದ ಮಣ್ಣು ಮಾತ್ರ ಎಣ್ಣೆ ಕುಡಿದು ಇನ್ನೂ ಕರ್ರಗಿದೆ. ಆ ಕಡೆ ಹೋದಾಗ ನಾನು ಅಲ್ಲಿ ಸ್ವಲ್ಪ ನಿಲ್ಲುತ್ತೇನೆ, ಸಮಾಧಾನ ಅನಿಸುತ್ತದೆ.

ಈ ಹಾಳೆಗಳನ್ನು ಆ ಬಟ್ಟೆಯ ಗಂಟಿನಲ್ಲೇ, ರಬ್ಬರಿನ ಜೊತೆ, ಹಿಟ್ಟಿನ ಡಬ್ಬಿಯ ಹಿಂದೆ ಇಡ್ರಿ ಮಕ್ಕಳೇ. ಮುಂದೆ ಯಾರಾದರೂ ಮಾಡ ಒರೆಸುವಾಗ ಅದನ್ನು ಬಿಸಾಕಲು ಕೈ ಎತ್ತಿದರೆ, ಕೂಗಲು ನಾನು ಇರುವುದಿಲ್ಲ.