ನಾನು ಟೊಳ್ಳೆಂದ ತೊಲೆಗಳು

ಏಳನೇ ಫ್ಲೋರಿನಲ್ಲಿ ಲಿಫ್ಟ್ ಬಾಗಿಲು ತೆರೆದೊಡನೆ ಮೂಗಿಗೆ ಬಡಿದದ್ದು ಬಡಗಿ ಅಂಗಡಿಯ ವಾಸನೆ. ಗೋಡೆ ಮರ, ಕಂಬ ಮರ, ತಲೆಯ ಮೇಲಿನ ಸೂರೂ ಮರ.

"ಓ ಮೈ ಗಾಡ್, ಸುಧಾ! ಇಲ್ಲಿ ದೀಪ ಹಚ್ಚೋದೆಲ್ಲೇ?"

"ಅಮ್ಮ, ಮೊದಲು ಶೂ ಬಿಚ್ಚು," ಅಂದಳು ಮಗಳು.

ಶ್ರೀರಂಗಪಟ್ಟಣದ ಪೇಟೆಯಲ್ಲಿ ಎಪ್ಪತ್ತು ದಾಟಿದ ನಾನು ನಾರ್ವೆಯ ಬರ್ಗೆನ್ ಸೇರಿದ್ದು ಹೀಗೆ. ಅಲ್ಲಿ ಮಳೆ ಬಂದರೆ ಸುದ್ದಿ, ಇಲ್ಲಿ ನಿಂತರೆ ಸುದ್ದಿ. ರುಗ್ ಎಂಬ ಇಲ್ಲಿಯ ಹಿಟ್ಟಿನಲ್ಲಿ ಮುದ್ದೆ ಕಟ್ಟಲು ಹೋದೆ, ಜೇಡಿಮಣ್ಣಾಯಿತು. ಥ್ಯಾಂಕ್ಸ್‌ಗೆ 'ತಕ್' ಅನ್ನುವುದೊಂದನ್ನು ಕಲಿತೆ. ಹೇಳೋಣವೆಂದರೆ ದಿನವೆಲ್ಲ ಎದುರಿಗೆ ಯಾರೂ ಇರುವುದಿಲ್ಲ.

ಒಂದು ದಿನ ವರಾಂಡದ ಕಂಬವನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದೆ. ಅಪ್ಪನಿಂದ ಬಂದ ಅಭ್ಯಾಸ. ಪ್ರತಿ ಬೇಸಿಗೆ ಅವರು ನಮ್ಮ ತೊಟ್ಟಿಮನೆಯ ಒಂದೊಂದು ತೊಲೆಯನ್ನೂ ತಟ್ಟಿ, ಗೆದ್ದಲಿದೆಯೇ ಎಂದು ಆಲಿಸಿ, ಗೇರೆಣ್ಣೆ ಬಳಿಯುತ್ತಿದ್ದರು. ಪಕ್ಕದ ಮನೆಯ ಊಲಾವ್ ನೋಡಿ ನಕ್ಕ. ಈ ಬಿಲ್ಡಿಂಗ್ ಕಟ್ಟಿದ ಬಡಗಿಗಳಲ್ಲಿ ಒಬ್ಬ, ಈಗ ರಿಟೈರ್ಡ್. ಗೆದ್ದಲು ನೋಡುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ.

"ಗೆದ್ದಲಾ? ಈ ಚಳಿಗೆ ಅವು ಬರಲ್ಲ, ಮೇಡಂ."

ಇದು 'ಮಾಸ್ಸಿವ್‌ತ್ರೇ' ಅಂದ. ಹಲಗೆಗಳನ್ನು ಅಡ್ಡಡ್ಡ ಜೋಡಿಸಿ ಅಂಟಿಸಿದ ದಪ್ಪ ಮರದ ಗೋಡೆ. ಮರ ಬೆಳೆಯುವಾಗ ಗಾಳಿಯಿಂದ ಹೀರಿಕೊಂಡ ಕಾರ್ಬನ್ ಇದರೊಳಗೇ ಕೂತಿದೆಯಂತೆ, ಸುಡುವ ತನಕ, ಕೊಳೆಯುವ ತನಕ. ಸಿಮೆಂಟು, ಕಬ್ಬಿಣ ಬೇಯಿಸುವ ಹೊಗೆಯೂ ಅಷ್ಟು ತಪ್ಪಿತಂತೆ. "ಕಡಿದಲ್ಲಿ ಸಸಿ ನೆಡದಿದ್ದರೆ ಮಾತ್ರ ಎಲ್ಲಾ ಸುಳ್ಳು," ಅಂತಲೂ ಸೇರಿಸಿದ.

"ತೊಲೆಯ ತುದಿ ಲಡ್ಡಾಗಿ ಪುಡಿ ಉದುರಿದರೆ?" ಕೇಳಿದೆ.

"ಅಷ್ಟನ್ನೇ ಕೊಯ್ದು ಹೊಸ ತುಂಡು ಕೂಡಿಸ್ತೀವಿ. ಇಡೀ ತೊಲೆ ಯಾಕೆ ಎಸೆಯೋದು?"

ನನ್ನ ಕೈ ಕಂಬದ ಮೇಲೇ ನಿಂತಿತು. ಹೊರಡುವ ಮುಂಚೆ ತೊಟ್ಟಿಮನೆ ಕೆಡವಲು ಸೈನ್ ಹಾಕಿದವಳು ನಾನೇ. ಒಂದೇ ತೊಲೆಯ ತುದಿ ತಟ್ಟಿದ್ದೆ, ಗೇಣುದ್ದ ಪುಡಿ ಉದುರಿತ್ತು. "ಎಲ್ಲಾ ಟೊಳ್ಳು ಕಣೋ, ಕೆಡವಿಸು," ಅಂದಿದ್ದೆ ತಮ್ಮ ರಾಜುವಿಗೆ. ನಿಜ ಹೇಳಲೇ? ಮೈಸೂರಿನ ಕಾನ್ವೆಂಟ್ ಗೆಳತಿಯರನ್ನು ಒಂದು ದಿನವೂ ಆ ಮನೆಗೆ ಕರೆದವಳಲ್ಲ. ಅವರದೆಲ್ಲ ಆರ್‌ಸಿಸಿ, ಮೊಸಾಯಿಕ್. ನಮ್ಮದು ಮರ, ಮಣ್ಣು. ಆ ನಾಚಿಕೆಯೇ ಸೈನ್ ಹಾಕಿತು.

ಓಡಿಹೋಗಿ ಫೋನ್ ಮಾಡಿದೆ. "ರಾಜು, ತೊಲೆ ಮುಟ್ಟಬೇಡ ಕಣೋ! ತುದಿ ಮಾತ್ರ ಕೊಯ್ದರೆ ಸಾಕಂತೆ."

"ಇನ್ನೆಲ್ಲಿ ತೊಲೆ ಅಕ್ಕ? ಮೊನ್ನೇನೇ ಟ್ರಾಕ್ಟರಿಗೆ ಹಾಕ್ಬುಟ್ರು."

"ಯಾರಾದರೂ ಮನೆ ಕಟ್ಟೋರು ತಗೊಂಡರೇನೋ?"

"ಕೆತ್ತನೆ ಇದ್ದಿದ್ರೆ ರೆಸಾರ್ಟ್‌ನೋರು ತಗೊಳೋರು. ಬೋಳು ತೊಲೆ ಯಾರಿಗ್ ಬೇಕು? ಪಾಂಡವಪುರದ ಕಡೆ ಇಟ್ಟಿಗೆ ಗೂಡಿಗೆ ಸೌದೆಯಾಗಿ ಹೋದೊ. ಕೊಯ್ಯೋವಾಗ ಗರಗಸನೇ ಬಿಸಿ ಆಗೋಯ್ತಂತೆ, ಅಂಗಿತ್ತಂತೆ ಒಳಗೆ ಗಟ್ಟಿ. ನೀನೇ ತಾನೆ ಟೊಳ್ಳು ಅಂದಿದ್ದು?"

ಫೋನ್ ಕೆಳಗಿಟ್ಟು ಮತ್ತೆ ವರಾಂಡಕ್ಕೆ ಹೋದೆ.

ಈಗ ಇಲ್ಲಿಯ ಕಂಬ ತಟ್ಟಿದರೆ ಗಟ್ಟಿ ದನಿ ಬರುತ್ತದೆ, ನನಗೆ ಅದರ ಗುರುತಿಲ್ಲ. ನಿನ್ನೆ ರಾಜು ಫೋಟೋ ಕಳಿಸಿದ್ದಾನೆ: ತೊಟ್ಟಿಮನೆಯ ಜಾಗದಲ್ಲಿ ಅದೇ ಗೂಡಿನ ಕೆಂಪು ಇಟ್ಟಿಗೆ, ಸೊಂಟದೆತ್ತರದ ಗೋಡೆ. "ಸೆಕೆಂಡ್ ಫ್ಲೋರ್ ನಿಂದು ಅಕ್ಕ, ಬಂದ್ಬುಡು." ದೊಡ್ಡದು ಮಾಡಿ ಮಾಡಿ ನೋಡುತ್ತೇನೆ, ಅಪ್ಪ ಗೇರೆಣ್ಣೆ ಬಳಿದ ತೊಲೆ ಯಾವ ಇಟ್ಟಿಗೆಯನ್ನು ಬೇಯಿಸಿತೋ ಎಂದು. ಬರುತ್ತೇನೆಂದೂ ಬರೆದಿಲ್ಲ, ಬರುವುದಿಲ್ಲವೆಂದೂ ಬರೆದಿಲ್ಲ.