ಬಿಳಿ ಗೂಡಿನ ಬಣ್ಣ

ಮೂರು ವಾರದಿಂದ ಮದುವೆ ವಿಡಿಯೊಗಳ ಬಣ್ಣ ತಿದ್ದಿ ತಿದ್ದಿ ನನ್ನ ಕಣ್ಣುಗಳು ಸೋತುಹೋಗಿದ್ದವು. ದಿಬ್ಬೂರಹಳ್ಳಿಯ ರೇಷ್ಮೆ ಬೆಳೆಗಾರ ಮುನಿಯಪ್ಪಣ್ಣ, ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳಿಗೆ ಕಳಿಸಲು ತಮ್ಮ ಗೂಡಿನ ವಿಡಿಯೊ ಮಾಡಿಸಿದ್ದರು. ಅದಕ್ಕೂ ಮದುವೆಯ ಹೊಂಬಣ್ಣದ ಲಟ್ಟನ್ನೇ ಹಾಕಿಬಿಟ್ಟೆ. ಲಟ್ ಅಂದರೆ ಯಾವ ಬಣ್ಣವನ್ನು ಯಾವ ಬಣ್ಣ ಮಾಡಬೇಕು ಅಂತ ಮೊದಲೇ ಬರೆದಿಟ್ಟ ಪಟ್ಟಿ. ನಾವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಅವರು ಅಂಗಡಿಗೆ ಬಂದು ನೋಡಿದವರೇ ಎದ್ದು ನಿಂತರು. "ಏನಪ್ಪಾ ಇದು? ನಮ್ದು ಬಿಳಿ ಗೂಡು. ಹಿಂಗೆ ಹಳದಿ ಮಾಡಿದ್ರೆ ಕಮ್ಮಿ ರೇಟಿನ ಮಿಶ್ರತಳಿ ಅನ್ಕೊಂಡು ಒಬ್ರೂ ಮೂಸಿ ನೋಡಲ್ಲ!"

ಲಟ್ ತೆಗೆದೆ. ಗೂಡುಗಳು ಸುಣ್ಣದುಂಡೆಯ ಹಾಗೆ ಬೆಳ್ಳಗಾದವು. ಅವರ ಮುಖ ಅರಳಿತು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಎಳೆಗಳೆಲ್ಲ ಆ ಬಿಳುಪಿನಲ್ಲಿ ಮುಳುಗಿದ್ದವು. ಸಾಫ್ಟ್ ಕ್ಲಿಪ್ ಹಾಕಿ, ಕಣ್ಣಿಗೆ ರಾಚುತ್ತಿದ್ದ ಬೆಳಕನ್ನು ಸ್ವಲ್ಪಸ್ವಲ್ಪವಾಗಿ ತಗ್ಗಿಸಿದೆ. ಒಂದೊಂದು ಎಳೆಯೂ ಎದ್ದು ಕಂಡಿತು.

"ಈಗ ನೋಡಿ ಅಣ್ಣಾ."

ಅವರು ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಗ್ಗಿದರು. ಎಳೆಗಳ ಜೊತೆಗೆ ನಾಲ್ಕಾರು ಗೂಡುಗಳ ಮೇಲಿನ ಕಂದು ಕಲೆಯೂ ಕಾಣುತ್ತಿತ್ತು.

"ಇಷ್ಟೆಲ್ಲ ಕಷ್ಟಪಡಬೇಡ ಕಣಪ್ಪ," ಅಂದರು ಮೆತ್ತಗೆ. "ಆಗ ಸುಣ್ಣದ ಥರ ಇತ್ತಲ್ಲ, ಅದೇ ಕೊಡು."

ಮೂರು ವಾರದಲ್ಲಿ ನಾನು ಮನಸ್ಸಿಟ್ಟು ಮಾಡಿದ್ದು ಅದೊಂದೇ ಕೆಲಸ. ಅಳಿಸಿ ಕೊಟ್ಟೆ.