ಗಾಡಿ ಕುಡೀತೈತೆ ಸಾರ್

2023, ಶಿವಮೊಗ್ಗದ ಹತ್ತಿರದ ಸೋಗಾನೆಯಲ್ಲಿ ವಿಮಾನ ಇಳಿಯತೊಡಗಿದ ವರ್ಷ. ಭದ್ರಾವತಿಯ ಒಂದು ಖಾಸಗಿ ಎರಕದ ಕಾರ್ಖಾನೆಯ ವಾಹನ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು, ಅದರಲ್ಲಿ ಕೊನೆಯ ಹನ್ನೆರಡು ವರ್ಷ ಫೋರ್‌ಮನ್ ಆಗಿದ್ದು, ನಾನು ನಿವೃತ್ತನಾಗಿ ಎಂಟು ವರ್ಷವಾಗಿತ್ತು. ಅಷ್ಟರಲ್ಲಿ ಕಾರ್ಖಾನೆಯೂ ಬಾಗಿಲು ಮುಚ್ಚಿತ್ತು. ಶಿವಮೊಗ್ಗದಲ್ಲಿ ಮನೆ ಮಾಡಿದ್ದೆ. ಕೈ ಸುಮ್ಮನಿರುತ್ತಿರಲಿಲ್ಲವಾದ್ದರಿಂದ ಹಳೆಯ ಕಾರು ಇಟ್ಟುಕೊಂಡವರು ಯಾರಾದರೂ ಕರೆದರೆ ಅವರ ಮನೆಗೇ ಹೋಗಿ ರಿಪೇರಿ ಮಾಡಿಕೊಡುತ್ತಿದ್ದೆ. ಈಗಿನ ಮೆಕ್ಯಾನಿಕ್‌ಗಳಿಗೆ ಕಂಪ್ಯೂಟರ್ ಸಿಕ್ಕಿಸದಿದ್ದರೆ ಗಾಡಿಯ ರೋಗವೇ ತಿಳಿಯುವುದಿಲ್ಲ ಎಂದು ಎಲ್ಲರೆದುರು ಹೀಯಾಳಿಸುವುದು ನನ್ನ ಚಟ. ನನ್ನ ಕಣ್ಣು ತಪ್ಪಿಸಿ ಒಂದು ಹನಿ ನೀರೂ ಸೋರಲಾರದು ಎಂಬ ಜಂಬ ಬೇರೆ ಇತ್ತು.

ಆ ವರ್ಷ ಹೊಸಮನೆಯ ಪ್ರಸನ್ನ ಮೇಷ್ಟ್ರು ಫೋನ್ ಮಾಡಿದರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು. ಒಂದು ಹಳೆಯ ಪೆಟ್ರೋಲ್ ಅಂಬಾಸಿಡರ್ ಕೊಂಡು, ಕೆನೆ ಬಣ್ಣ ಹೊಡೆಸಿ, ಮನೆಯ ಮುಂದಿನ ಶೆಡ್ಡಿನಲ್ಲಿ ನಿಲ್ಲಿಸಿಕೊಂಡಿದ್ದರು. ನಾನು ಹೋದಾಗ ಬಾನೆಟ್ ಎತ್ತಿಯೇ ಇಟ್ಟಿದ್ದರು.

“ಚಂದ್ರಣ್ಣ, ನೂರು ಕಿಲೋಮೀಟರಿಗೆ ಒಂದೂವರೆ ಲೀಟರ್ ಕೂಲೆಂಟ್ ಕಡಿಮೆಯಾಗ್ತಿದೆ. ಮೂರು ಸಲ ಅಳತೆ ಮಾಡಿ ಬರೆದಿಟ್ಟಿದ್ದೀನಿ. ಎಲ್ಲಿಗೆ ಹೋಗ್ತಿದೆ ಅನ್ನೋದೇ ಗೊತ್ತಾಗ್ತಿಲ್ಲ” ಎಂದರು.

ನಾನು ಅಭ್ಯಾಸಬಲದಿಂದ ಮೊದಲು ನೆಲ ನೋಡಿದೆ. ಇಂಜಿನ್ನಿನ ಕೆಳಗೆ ಮೇಷ್ಟ್ರು ರಾತ್ರಿಯೆಲ್ಲ ರಟ್ಟು ಹಾಸಿಟ್ಟಿದ್ದರು. ಅದರ ಮೇಲೆ ಒಂದು ಹನಿಯೂ ಇರಲಿಲ್ಲ. ಹೋಸ್ ಪೈಪ್‌ಗಳನ್ನು ಹಿಸುಕಿ ನೋಡಿದೆ, ಗಟ್ಟಿಯಿದ್ದವು. ನೀರನ್ನು ಇಂಜಿನ್ನಿನ ಸುತ್ತ ತಳ್ಳುವ ಪಂಪಿಗೆ ನಾವು ವಾಟರ್ ಬಾಡಿ ಎನ್ನುತ್ತೇವೆ. ಅದರ ಸೀಲ್ ಹೋದರೆ ಕೆಳಗಿನ ಸಣ್ಣ ತೂತಿನಿಂದ ನೀರು ಜಿನುಗಬೇಕು. ಅಲ್ಲೂ ಒಣಗಿತ್ತು. ಆಯಿಲ್ ಗೇಜ್ ಕಡ್ಡಿ ಎಳೆದು ನೋಡಿದೆ. ನೀರು ಆಯಿಲ್‌ಗೆ ಸೇರಿದ್ದರೆ ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಇದು ಕಪ್ಪಗೆ ಸ್ವಚ್ಛವಾಗಿತ್ತು.

ಆಮೇಲೆ ಪ್ರೆಷರ್ ಟೆಸ್ಟರ್ ತೆಗೆದೆ. ಇದು ರೇಡಿಯೇಟರ್ ಮುಚ್ಚಳದ ಜಾಗದಲ್ಲಿ ಕೂರಿಸುವ, ಮೀಟರ್ ಇರುವ ಕೈಪಂಪು. ಇಂಜಿನ್ ಬಿಸಿ ಮಾಡಿ, ಆರಿಸಿ, ಸ್ವಲ್ಪ ತಣಿಯಲು ಬಿಟ್ಟು, ಏಳು ಪೌಂಡ್ ಒತ್ತಡ ಕೊಟ್ಟೆ. ಹದಿನೈದು ನಿಮಿಷದಲ್ಲಿ ಮುಳ್ಳು ನಾಲ್ಕಕ್ಕೆ ಇಳಿಯಿತು. ಹೊರಗೆ ಎಲ್ಲಿಯೂ ತೇವವಿಲ್ಲ. ನಾಲ್ಕು ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿ ಇಟ್ಟೆ. ಮೂರು ಮಸಿ ಹಿಡಿದಿದ್ದವು. ಮೂರನೇ ಸಿಲಿಂಡರಿನದು ಮಾತ್ರ ತೊಳೆದಿಟ್ಟಷ್ಟು ಬೆಳ್ಳಗಿತ್ತು. ಪ್ಲಗ್ ಇಲ್ಲದೆ ಸೆಲ್ಫ್ ಹೊಡೆಯಲು ಹೇಳಿದೆ. ಮೂರನೇ ತೂತಿನಿಂದ ನೀರು ಚಿಮ್ಮಿ ನನ್ನ ಅಂಗಿಗೇ ಬಡಿಯಿತು.

“ಇಂಜಿನ್ ನೀರು ಕುಡೀತಿದೆ ಮೇಷ್ಟ್ರೇ” ಎಂದೆ. ಸೋರಿಕೆ ಹೊರಗಿಲ್ಲದೆ ಒಳಗೇ ಇದ್ದಾಗ ನಾವು ಗ್ಯಾರೇಜಿನವರು ಆಡುವ ಮಾತು ಅದು. ನೀರು ಸಿಲಿಂಡರಿಗಿಳಿದು, ಹಬೆಯಾಗಿ ಸೈಲೆನ್ಸರಿನಿಂದ ಹೋಗಿಬಿಡುತ್ತದೆ. ನೆಲಕ್ಕೆ ಬೀಳುವುದೇ ಇಲ್ಲ. ಮಾತು ಬಾಯಿಂದ ಹೊರಬಿದ್ದ ಕೂಡಲೇ ಏನೋ ಕಸಿವಿಸಿಯಾಯಿತು. ಕಾರಣ ಮರುದಿನ ಬೆಳಿಗ್ಗೆ ತಿಳಿಯಿತು.

ಅಂದು ಇಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿ ಮೇಜಿನ ಮೇಲೆ ಮಗುಚಿ ಹಾಕಿದೆ. ಮೂರನೇ ಸಿಲಿಂಡರಿನ ಎರಡು ವಾಲ್ವ್‌ಗಳ ನಡುವೆ ಕೂದಲೆಳೆಯಂಥ ಬಿರುಕಿತ್ತು. ಬದಿಯ ಎಣ್ಣೆ ಜಿಡ್ಡು ಒರೆಸುತ್ತಿದ್ದಾಗ ಬೆರಳಿಗೆ ಒಂದು ಗುರುತು ತಾಗಿತು. ಇಂಗ್ಲಿಷಿನ ಸಿ ಅಕ್ಷರ, ಪಕ್ಕದಲ್ಲಿ ಎರಡು ಚುಕ್ಕೆ. ನಾನು ಮುಗಿಸಿದ ಕೆಲಸಕ್ಕೆ ಪಂಚ್‌ನಿಂದ ಹೊಡೆಯುತ್ತಿದ್ದ ಗುರುತು ಅದು. ಬಣ್ಣ ಬದಲಾಗಿತ್ತು, ನಂಬರ್ ನನಗೆ ಮರೆತುಹೋಗಿತ್ತು, ಸೀಟು ಬದಲಾಗಿತ್ತು. ನಾನು ಗುರುತಿಸಿರಲಿಲ್ಲ. ನಮ್ಮ ಕಾರ್ಖಾನೆಯಲ್ಲಿದ್ದ ಪೆಟ್ರೋಲ್ ಅಂಬಾಸಿಡರ್ ಒಂದೇ, ಜನರಲ್ ಮ್ಯಾನೇಜರರ ಕಾರು. 2004ರಲ್ಲಿ ಮುರುಗೇಶ ಎಂಬ ಚಾಲಕ ಓಡಿಸುತ್ತಿದ್ದ ಕಾರು.

ಮುರುಗೇಶನ ಅಪ್ಪ ತಮಿಳುನಾಡಿನಿಂದ ಭದ್ರಾವತಿಗೆ ಕೆಲಸಕ್ಕೆ ಬಂದವರು. ಇವನು ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ. ಹರೆಯದಲ್ಲಿ ಸಂಬಳದ ದಿನ ಕುಡಿಯುತ್ತಿದ್ದ. ಮದುವೆಯಾದ ಮೇಲೆ ಬಿಟ್ಟಿದ್ದ. ಬಿಟ್ಟಿದ್ದಾನೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ದಿನ ಆಯನೂರು ದಾಟಿ ಸಾಗರದ ಕಡೆ ಹೋಗುವಾಗ ಕಾರು ವಿಪರೀತ ಬಿಸಿಯಾಗಿ ಇಂಜಿನ್ ಹಿಡಿದುಕೊಂಡು ನಿಂತುಹೋಯಿತು. ಮ್ಯಾನೇಜರರು ಬಸ್ಸಿನಲ್ಲಿ ವಾಪಸ್ಸು ಬಂದರು. ಮರುದಿನ ಗ್ಯಾರೇಜಿನಲ್ಲೇ ವಿಚಾರಣೆ ನಡೆಯಿತು. ಮೂವರು ಅಧಿಕಾರಿಗಳು, ನನ್ನ ಕೈಕೆಳಗಿನ ನಾಲ್ವರು ಮೆಕ್ಯಾನಿಕ್‌ಗಳು ಮತ್ತು ಫೋರ್‌ಮನ್ ಆಗಿ ಎರಡನೇ ವರ್ಷದಲ್ಲಿದ್ದ ನಾನು. ಎದುರಿಗೆ ಮುರುಗೇಶ.

“ಹದಿನೈದು ದಿನದಿಂದ ಫೋರ್‌ಮನ್ ಸಾರಿಗೆ ಹೇಳ್ತಾನೇ ಇದೀನಿ. ದಿನಾ ನೀರು ಹಾಕ್ತೀನಿ, ನಿಲ್ಲಲ್ಲ. ಅರಿಶಿನಾನೂ ಹಾಕ್ದೆ. ಗಾಡಿ ಕುಡೀತೈತೆ ಸಾರ್” ಎಂದ.

ಅವನು ಹೇಳಿದ್ದು ನಿಜ. ನನಗೆ ಹೇಳಿದ್ದ. ನಾನು ಗಾಡಿ ನಿಂತ ಜಾಗದ ನೆಲ ನೋಡಿ, ಒಣಗಿದೆಯಲ್ಲ ಹೋಗು ಎಂದು ಕಳಿಸಿದ್ದೆ. ಆಗ ಚಾಲಕರಲ್ಲಿ ಒಂದು ರೂಢಿಯಿತ್ತು. ರೇಡಿಯೇಟರ್ ಸಣ್ಣಗೆ ಸೋರಿದರೆ ಒಂದು ಹಿಡಿ ಅರಿಶಿನ ಪುಡಿ ಸುರಿಯುತ್ತಿದ್ದರು. ನೀರು ಹೊರಗೆ ಹೋಗುವ ಕಡೆಗೇ ಪುಡಿಯೂ ಹೋಗಿ, ತೂತಿನಲ್ಲಿ ಕಟ್ಟಿಕೊಂಡು ಸೋರಿಕೆ ನಿಲ್ಲುತ್ತಿತ್ತು. ಮುರುಗೇಶ ಹಾಕಿದ ಅರಿಶಿನ ರೇಡಿಯೇಟರಿನ ಕೊಳವೆಗಳಲ್ಲೂ ಕಟ್ಟಿತ್ತು. ನನಗೆ ಅಷ್ಟೇ ಸಾಕಾಯಿತು.

“ಕುಡಿಯೋದು ಗಾಡೀನಾ, ನೀನಾ?” ಎಂದೆ.

ಎಲ್ಲರೂ ಗೊಳ್ಳೆಂದು ನಕ್ಕರು. ಅಧಿಕಾರಿಗಳೂ ನಕ್ಕರು. ಹೊಸ ಫೋರ್‌ಮನ್ನಿನ ಮಾತಿಗೆ ದೊಡ್ಡವರು ನಕ್ಕರಲ್ಲ ಎಂದು ನಾನು ಉಬ್ಬಿಹೋದೆ. ಅಂದೇ ವರದಿ ಬರೆದೆ: “ಯಾವುದೇ ಸೋರಿಕೆ ಕಂಡುಬಂದಿಲ್ಲ. ಚಾಲಕನು ಅನಗತ್ಯವಾಗಿ ಅರಿಶಿನ ಹಾಕಿದ್ದರಿಂದ ರೇಡಿಯೇಟರ್ ಕಟ್ಟಿಕೊಂಡಿದೆ.” ಕುಡಿತದ ಬಗ್ಗೆ ನಾನೇನೂ ಬರೆಯಲಿಲ್ಲ. ಬರೆಯುವ ಅಗತ್ಯವೇ ಇರಲಿಲ್ಲ. ಗುತ್ತಿಗೆಯ ಚಾಲಕನಾದ್ದರಿಂದ ಆ ವಾರವೇ ಅವನನ್ನು ತೆಗೆದುಹಾಕಿದರು. ನಾನು ಹೆಡ್ಡಿನ ಮೈ ಹೆರೆಸಿ, ಹೊಸ ಗ್ಯಾಸ್ಕೆಟ್ ಮತ್ತು ಹೊಸ ರೇಡಿಯೇಟರ್ ಹಾಕಿಸಿ, ಗುರುತು ಹೊಡೆದು ಕೈ ತೊಳೆದುಕೊಂಡೆ. ಬಿರುಕಿದೆಯೇ ಎಂದು ಪರೀಕ್ಷಿಸಲಿಲ್ಲ. ಆ ಕಾರು ಮ್ಯಾನೇಜರರಿಗೆ ಬೇಡವಾಗಿ ಶೆಡ್ಡಿನಲ್ಲಿ ನಿಂತು, ಕೊನೆಗೆ ಹರಾಜಾಯಿತು.

ಈಗ ಮೇಷ್ಟ್ರ ಮೇಜಿನ ಮುಂದೆ ನಿಂತು ನನ್ನನ್ನು ನಾನು ಉಳಿಸಿಕೊಳ್ಳಲು ನೋಡಿದೆ. ಇಂಜಿನ್ ಬಿಸಿಯಾದದ್ದರಿಂದಲೇ ಬಿರುಕು ಬಂದಿರಬಹುದಲ್ಲ? ಹಾಗಾದರೆ ನನ್ನ ವರದಿ ಸರಿಯೇ. ಟಾರ್ಚ್ ಹಿಡಿದು, ಹೆಡ್ಡಿನೊಳಗೆ ನೀರು ಹರಿಯುವ ಪೊಳ್ಳಿನಲ್ಲಿ ಇಣುಕಿದೆ. ಬಿರುಕಿನ ಒಳಬದಿಗೆ, ಅದರ ಉದ್ದಕ್ಕೂ, ಕಂದು ಹಕ್ಕಳೆ ಅಂಟಿತ್ತು. ಬೇರೆಲ್ಲೂ ಇರಲಿಲ್ಲ. ಸ್ಕ್ರೂಡ್ರೈವರಿನಿಂದ ಕೆರೆದೆ. ಒಳಪದರ ಹಳದಿ.

“ತುಕ್ಕಿರಬೇಕು” ಎಂದರು ಮೇಷ್ಟ್ರು.

“ಮನೇಲಿ ಎಲೆಗೆ ಹಚ್ಚೋ ಸುಣ್ಣ ಇದ್ರೆ ಸ್ವಲ್ಪ ಕೊಡಿ” ಎಂದೆ.

ಅವರ ಹೆಂಡತಿ ಸುಣ್ಣದ ಡಬ್ಬಿ ತಂದುಕೊಟ್ಟರು. ಆ ಹಳದಿ ಚೂರನ್ನು ನೀರು ಮುಟ್ಟಿಸಿ ಸುಣ್ಣದ ಜೊತೆ ಉಜ್ಜಿದೆ. ಆರತಿ ತಟ್ಟೆಯ ಓಕುಳಿಯ ಕೆಂಪು, ತೀರಾ ಮಸುಕಾಗಿ, ನನ್ನ ಹೆಬ್ಬೆರಳ ಮೇಲೆ ಮೂಡಿತು. ಇಂಜಿನ್ ಕೆಟ್ಟ ಮೇಲೆ ಹಾಕಿಸಿದ ರೇಡಿಯೇಟರ್ ಇನ್ನೂ ಅದೇ ಇತ್ತು, ಅದರಲ್ಲಿ ಅರಿಶಿನದ ಸುಳಿವೂ ಇರಲಿಲ್ಲ. ಅಂದರೆ ಇದು ಮುರುಗೇಶ ಹಾಕಿದ ಅರಿಶಿನವೇ. ಅವನು ಹಾಕಿದ ದಿನ ಇಲ್ಲಿ ನೀರು ಸೋರುತ್ತಿದ್ದರಿಂದಲೇ ಅದು ಇಲ್ಲಿಗೆ ಬಂದು ಕೂತಿತ್ತು. ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದೆ.

ಆ ಭಾನುವಾರ ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿ, ಮೇಷ್ಟ್ರ ಇನ್ನೊಂದು ಕಾರಿನಲ್ಲಿಟ್ಟುಕೊಂಡು ಇಬ್ಬರೂ ಭದ್ರಾವತಿಗೆ ಹೋದೆವು. ಕಾರ್ಖಾನೆಯ ಗೇಟಿನೆದುರಿನ ಹೋಟೆಲಿನಲ್ಲಿ ನನ್ನ ಕೈಕೆಳಗಿದ್ದ ಹಳೆಯ ಮೆಕ್ಯಾನಿಕ್ ಒಬ್ಬ ಚಹಾ ಕುಡಿಯುತ್ತಿದ್ದ. ಮುರುಗೇಶನ ಮನೆ ಎಲ್ಲಿ ಎಂದು ಕೇಳಿದೆ.

“ಯಾರು ಸಾರ್, ಗಾಡಿ ಕುಡೀತೈತೆ ಮುರುಗೇಶನಾ?” ಎಂದು ನಕ್ಕ. ಪಕ್ಕದಲ್ಲಿದ್ದ, ಕಾರ್ಖಾನೆಯನ್ನೇ ನೋಡಿರದ ಇಬ್ಬರೂ ನಕ್ಕರು. ಹತ್ತೊಂಬತ್ತು ವರ್ಷದಲ್ಲಿ ನನ್ನ ತಮಾಷೆ ಅವನ ಹೆಸರೇ ಆಗಿಬಿಟ್ಟಿತ್ತು. ಆ ಹೆಸರು ಕೇಳಿದ ಯಾರೂ ಅವನ ಕೈಗೆ ಸ್ಟಿಯರಿಂಗ್ ಕೊಡಲಿಲ್ಲವೆಂದೂ, ಈಗ ಕಲ್ಯಾಣಮಂಟಪವೊಂದರಲ್ಲಿ ಕಾವಲಿಗಿದ್ದಾನೆಂದೂ ತಿಳಿಯಿತು. ಗಾಡಿ ನಿಜಕ್ಕೂ ನೀರು ಕುಡಿಯುತ್ತಿತ್ತು, ತಪ್ಪು ನನ್ನದು ಎಂದು ವಿವರಿಸಿದೆ. “ಅಯ್ಯೋ ಬಿಡಿ ಸಾರ್, ಅವೆಲ್ಲ ಯಾವ ಕಾಲದ ಮಾತು” ಎಂದ.

ಮಂಟಪದ ಬಾಗಿಲಲ್ಲಿ ಮುರುಗೇಶ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು, “ಫೋರ್‌ಮನ್ ಸಾರ್, ಕೂತ್ಕಳಿ” ಎಂದು ಅದೇ ಕುರ್ಚಿ ಮುಂದೆ ತಳ್ಳಿದ. ನಾನು ಕೂರಲಿಲ್ಲ. ಹೆಡ್ಡನ್ನು ಮೆಟ್ಟಿಲ ಮೇಲಿಟ್ಟು ಗೋಣಿ ಬಿಚ್ಚಿದೆ.

“ಮುರುಗೇಶ, ಗಾಡಿ ಕುಡೀತಿತ್ತು. ನೀನು ಹೇಳಿದ್ದೇ ನಿಜ. ನಾನು ಸುಳ್ಳು ವರದಿ ಬರೆದೆ.”

ಅವನು ಕೆಳಗೆ ಕೂತು, ಬಿರುಕಿನ ಮೇಲೆ ಉಗುರಾಡಿಸಿದ.

“ಇದನ್ನ ನಂಗ್ಯಾಕೆ ತಂದು ತೋರಿಸ್ತೀರಾ ಸಾರ್? ನಂಗೊತ್ತಿತ್ತಲ್ಲ” ಎಂದ. ಆಮೇಲೆ, “ಅಲಮೇಲುಗೆ ತೋರಿಸ್ಬೇಕಿತ್ತು” ಎಂದ.

ಅಲಮೇಲು ಅವನ ಹೆಂಡತಿ. ಎಲ್ಲಿದ್ದಾರೆ, ಈಗಲೇ ಹೋಗಿ ಹೇಳುತ್ತೇನೆ ಎಂದೆ.

“ತೀರ್ಕೊಂಡು ಆರು ವರ್ಷ ಆಯ್ತು. ಕೆಲಸ ಹೋದಾಗಿಂದ ದಿನಾ ಸಾಯಂಕಾಲ ಬಾಗಿಲಲ್ಲಿ ನಿಲ್ಸಿ, ನನ್ನ ಬಾಯಿ ಮೂಸಿ ನೋಡಿ, ಆಮೇಲೆ ಒಳಗೆ ಬಿಡೋಳು. ಒಂದು ದಿನಾನೂ ವಾಸನೆ ಬರ್ಲಿಲ್ಲ ಸಾರ್. ಆದ್ರೂ ಮೂಸೋದು ಬಿಡ್ಲಿಲ್ಲ. ಕೊನೇಲಿ ಆಸ್ಪತ್ರೆ ಮಂಚದ ಮೇಲೆ ಹತ್ರ ಬಾ ಅಂತ ಕರೆದ್ಲು. ಏನೋ ಹೇಳ್ತಾಳೆ ಅಂತ ಬಗ್ಗಿದೆ. ಮೂಸಿ ನೋಡಿದ್ಲು.”

ಮೇಷ್ಟ್ರು ಮುಖ ತಿರುಗಿಸಿದರು. ನನಗೆ ಅಳು ತಡೆಯಲಾಗಲಿಲ್ಲ. ಅವನು ಅಳಲಿಲ್ಲ. ಹೆಡ್ಡನ್ನು ಮತ್ತೆ ಗೋಣಿಯಲ್ಲಿ ಸುತ್ತಿ, ಎತ್ತಲು ನನ್ನ ಜೊತೆ ಕೈಜೋಡಿಸಿದ. ಹೊರಡುವಾಗ, “ದಿನಕ್ಕೆ ಎಷ್ಟು ನೀರು ಹಾಕ್ತಿದ್ದೆ ಮುರುಗೇಶ?” ಎಂದು ಕೇಳಿದೆ. ಯಾಕೆ ಕೇಳಿದೆನೋ ತಿಳಿಯದು. ಅವನು ಒಂದು ಕ್ಷಣವೂ ಯೋಚಿಸದೆ, “ಸಾಗರಕ್ಕೆ ಹೋಗಿ ಬಂದ್ರೆ ಎರಡೂಕಾಲು ಲೀಟ್ರು ಸಾರ್. ಲೋಕಲ್ ಆದ್ರೆ ಮುಕ್ಕಾಲು” ಎಂದ.

ಈ ಅಂಕಿ ಸಾಕಿತ್ತು. ನೆಲ ಒಣಗಿದ್ದು ಇಷ್ಟು ನೀರು ಖಾಲಿಯಾದರೆ ಅದು ಒಳಗೇ ಹೋಗಬೇಕೆಂಬುದು ಮೊದಲ ವರ್ಷದ ಅಪ್ರೆಂಟಿಸ್‌ಗೂ ತಿಳಿಯುತ್ತದೆ. ಯಂತ್ರದ ಜೊತೆ ದಿನವಿಡೀ ಇರುವವನು ಏನಾದರೂ ಹೇಳಿದರೆ, ನಂಬುವುದಕ್ಕೂ ಬಿಡುವುದಕ್ಕೂ ಮುಂಚೆ ಎಷ್ಟು ಎಂದು ಕೇಳಬೇಕು. ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಅದೂ ನಿವೃತ್ತನಾದ ಮೇಲೆ. 2004ರ ಆ ದಿನ ಏಳು ಜನರ ಎದುರು ಮುರುಗೇಶನನ್ನು ಒಂದು ಪ್ರಶ್ನೆ ಕೇಳುವ ಅಧಿಕಾರ ನನಗಿತ್ತು. ನಾನು ನಗಿಸುವ ಪ್ರಶ್ನೆ ಕೇಳಿದೆ.